ಕ್ಯಾಮೆರಾ ಕಾಣದ ಕೈ

ಕಲ್ಯದ ರೈತರೊಬ್ಬರು ಮೊಬೈಲ್ ಹಿಡಿದು ಮಾಗಡಿಯ ನನ್ನ ಎಡಿಟಿಂಗ್ ರೂಮಿಗೆ ಬಂದರು. ಅವರ ತಮ್ಮ ಸಾವನದುರ್ಗದ ಬಂಡೆಯಿಂದ ಬಿದ್ದು, ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದ. ಬಿದ್ದ ಗಳಿಗೆ ವಿಡಿಯೊದಲ್ಲಿತ್ತು.

"ಒಸಿ ನಿಧಾನ ಮಾಡಿ ತೋರ್ಸಿ ಸಾ."

ಸಾಫ್ಟ್‌ವೇರಿನಲ್ಲಿ ವೇಗ ಬದಲಿಸುವ 'ಟೈಮ್‌ವಾರ್ಪ್' ಜೋಡಿಸಿ ನಿಧಾನ ಮಾಡಿದೆ. ಬಂಡೆಯ ಮೇಲೆ ತಮ್ಮನ ಹಿಂದೆ ನಿಂತಿದ್ದ ಅವನ ಗೆಳೆಯನ ಅಂಗೈ ತಮ್ಮನ ಬೆನ್ನಿಗೆ ಒತ್ತಿದ್ದು ಕಂಡಿತು.

"ತಳ್ಬುಟ್ಟವ್ನೆ! ಇವತ್ತು ಅವನ್ನ ಉಳ್ಸಾಕಿಲ್ಲ!" ಎಂದು ಎದ್ದರು.

ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣಾ, ಅದು ಕ್ಯಾಮೆರಾ ತೆಗೆದದ್ದಲ್ಲ. ನಿಧಾನ ಮಾಡಿದಾಗ ಎರಡು ಚಿತ್ರಗಳ ನಡುವೆ ಕಂಪ್ಯೂಟರೇ ಊಹಿಸಿ ತುಂಬಿದ್ದು."

ಟೈಮ್‌ವಾರ್ಪ್ ತೆಗೆದು ಮೂಲ ವಿಡಿಯೊ ತೋರಿಸಿದೆ. ಕೈ ಬೆನ್ನಿನಿಂದ ದೂರವೇ ಇತ್ತು. ಅವರು ಗೋಡೆಗೊರಗಿ ಕುಸಿದು ಕೂತರು.

ಎಚ್ಚರವಾದ ಮೇಲೆ ತಮ್ಮ, "ನಾನೇ ಜಾರ್ದೆ, ಅವ್ನು ಹಿಡ್ಕಳಾಕೆ ಬಂದ" ಅಂದನಂತೆ.

ಈಗ ಯಾರಾದರೂ 'ನಿಧಾನವೇ ಪ್ರಧಾನ' ಅಂದರೆ ನನಗೆ ಮೈ ನಡುಗುತ್ತದೆ.