ಡ್ರೈವರು ಹೊರಗೇ ಉಳಿದ ಕಾರು

ನನಗೂ ಒಂದು ಕಾಲದಲ್ಲಿ ಕಾರಿತ್ತು. ಹುಬ್ಬೇರಿಸಬೇಡಿ, ಅಪ್ಪಟ ಇಂಗ್ಲೆಂಡಿನ ಮೈನರ್ ಕಾರು. ಉದ್ದ ಮಾತ್ರ ಒಂದು ಗೇಣು. ಅರವತ್ತರ ದಶಕದಲ್ಲಿ ನಾನು ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, ಲಂಡನ್ನಿನಲ್ಲಿ ಓದಿ ಬಂದ ಗೆಳೆಯ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ತಂದುಕೊಟ್ಟ. ಪ್ಲಾಸ್ಟಿಕ್ಕಿನ ಚೂರುಗಳನ್ನು ನಾವೇ ಅಂಟಿಸಿ ಕಾರು ಮಾಡಿಕೊಳ್ಳಬೇಕು.

ಕರಿಹಲಗೆಯ ಮೇಲೆ ಇಂಜಿನ್ನನ್ನು ಕಣ್ಣುಮುಚ್ಚಿ ಬರೆಯಬಲ್ಲ ನನಗೆ ಸೈಕಲ್ಲಿನ ಚೈನು ಬಿದ್ದರೆ ದಾರಿಹೋಕರೇ ದಿಕ್ಕು. ಇದು ನನ್ನ ಮಾವನವರಿಗೆ ಚೆನ್ನಾಗಿ ಗೊತ್ತಿತ್ತು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಅವರು ಗಾಡಿಯ ಅಚ್ಚಿನಿಂದ ಹಿಡಿದು ಬಾವಿಯ ರಾಟೆಯವರೆಗೆ ಎಲ್ಲವನ್ನೂ ತಾವೇ ಸರಿಮಾಡುವವರು. ನಾನು ನೆರವಿಗೆ ಹೋದರೆ, "ನೀವ್ ಕೂತ್ಕಳಿ ಅಳೀಮಯ್ಯ, ಪೇಪರ್ ಓದ್ಕಳಿ" ಎನ್ನುತ್ತಿದ್ದರು. ಮರ್ಯಾದೆಯ ಮಾತೇ; ಆದರೆ ಮದುವೆಯಾಗಿ ಆರು ವರ್ಷ ಪೇಪರನ್ನೇ ಓದಿ ನನಗೆ ಸಾಕಾಗಿತ್ತು. ಆಯುಧಪೂಜೆಗೆ ಅವರು ನಮ್ಮಲ್ಲಿಗೆ ಬರುವವರಿದ್ದರು. ಅಷ್ಟರೊಳಗೆ ಕಾರು ಜೋಡಿಸಿ, ನನ್ನ ಕೈಗೂ ಕೆಲಸ ಬರುತ್ತದೆಂದು ತೋರಿಸಲು ಹಟ ಹಿಡಿದೆ.

ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯನ್ನು ಓದಲಿಲ್ಲ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರೆಂದು ಮಕ್ಕಳಿಗೆ ಹೇಳುವ ಮೇಷ್ಟ್ರುಗಳ ಹಣೆಬರಹವೇ ಇಷ್ಟು. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಮೊದಲು ಅಂಟಿಸಿದೆ: ಬಾಗಿಲು, ಗಾಜು, ಟಾಪು. ಮುಗಿಯಿತೆಂದು ಬೀಗುವಾಗ ನೋಡುತ್ತೇನೆ, ಎರಡು ಸೀಟು, ಸ್ಟೀರಿಂಗು ಮತ್ತು ಟೊಪ್ಪಿ ಹಾಕಿದ ಹೆಬ್ಬೆರಳುದ್ದದ ಡ್ರೈವರು ಮೇಜಿನ ಮೇಲೆಯೇ ಇದ್ದಾರೆ! ಹಾಸನದ ಸುತ್ತ ಇಷ್ಟೊಂದು ಹೊಯ್ಸಳ ಗುಡಿಗಳಿವೆ. ದೇವರನ್ನು ಹೊರಗೆ ಬಿಟ್ಟು ಗೋಡೆ ಮುಚ್ಚಿದ ಶಿಲ್ಪಿ ಒಬ್ಬನೂ ಇರಲಾರ. ಟಾಪು ಕೀಳಲು ನೋಡಿದೆ, ಅಂಟು ಜಗ್ಗಲಿಲ್ಲ. ಉಳಿದ ಸಾಮಾನನ್ನು ಜೇಬಿಗಿಳಿಸಿ, ಒಳಗಿನ ಬರಿದು ಕಾಣದಂತೆ ಗಾಜಿಗೆಲ್ಲ ಧಾರಾಳವಾಗಿ ಅರಿಸಿನ ಕುಂಕುಮ ಬಳಿದೆ. ಹಬ್ಬದ ದಿನ ಯಾರು ಕೇಳುತ್ತಾರೆ?

ಕುಡುಗೋಲು, ಈಳಿಗೆಮಣೆ, ಸೈಕಲ್ಲುಗಳ ಸಾಲಿನಲ್ಲಿ ಕಾರೂ ಪೂಜೆಗೆ ಕೂತಿತು. ಮಾವನವರು ಬಗ್ಗಿ ನೋಡಿ, "ನೀವೇ ಮಾಡಿದ್ರಾ? ಬೋ ಸಂದಾಗೈತೆ ಕಣ್ರೀ!" ಎಂದರು. ನನ್ನ ಆರು ವರ್ಷದ ಹಸಿವು ತೀರಿತು. ಗಾಲಿಗಿಂತ ನಿಂಬೆಹಣ್ಣೇ ದೊಡ್ಡದಾಯಿತೆಂದು ಅವರು ಹಿತ್ತಲಿನಿಂದ ನಾಲ್ಕು ಸುಂಡೇಕಾಯಿ ತಂದು ಗಾಲಿಗಳ ಕೆಳಗಿಟ್ಟರು. ಗಾಡಿಯ ನೊಗದ ಮೇಲೆ ವೀಳ್ಯದೆಲೆಯಿಟ್ಟು ಕರ್ಪೂರ ಹಚ್ಚುವುದು ಅವರ ಮನೆಯ ರೂಢಿ. ಕಾರಿಗೆ ನೊಗವಿಲ್ಲವಲ್ಲ, ಟಾಪಿನ ಮೇಲೆಯೇ ಎಲೆಯಿಟ್ಟು ಹಚ್ಚಿಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಟಾಪು ಹಪ್ಪಳದಂತೆ ಮುದುರಿ ಒಳಕ್ಕೆ ಕುಸಿಯಿತು. ನನ್ನ ಹೆಂಡತಿ ಶಾರದೆ ಕಳಶದ ನೀರನ್ನೇ ಸುರಿದು ಬೆಂಕಿ ಆರಿಸಿದಳು.

"ಅಯ್ಯೋ, ಕೆಡಿಸ್ಬುಟ್ನಲ್ಲಾ ಅಳೀಮಯ್ಯ! ಈ ಕೈಲಿ ಇವತ್ತಿನಗಂಟ ಒಂದ್ ಸಾಮಾನೂ ಕೆಟ್ಟಿರ್ನಿಲ್ಲ" ಎಂದು ಮಾವನವರು ತಮ್ಮ ಕೈಗಳನ್ನೇ ನೋಡಿಕೊಂಡರು. ಸುಮ್ಮನಿದ್ದರೆ ಕಾರು ಕಟ್ಟಿದವನು ನಾನು, ಕೆಡಿಸಿದವರು ಅವರು. ಆಟ ಗೆದ್ದ ಹಾಗೆಯೇ. ಆದರೆ ಆ ಮುಖ ನೋಡಿ ಗೆಲ್ಲುವ ಆಸೆಯೇ ಹೋಯಿತು. ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಅವರ ಅಂಗೈಗೆ ಹಾಕಿದೆ.

"ಮಾವ, ಇವನ್ನೆಲ್ಲ ಹೊರಗೆ ಬಿಟ್ಟು ಮುಚ್ಚಿಬಿಟ್ಟಿದ್ದೆ. ನೀವು ದಾರಿ ಮಾಡಿಕೊಟ್ರಿ."

ಅವರು ಡ್ರೈವರನ್ನು ನೋಡಿದರು, ಟಾಪಿನ ತೂತನ್ನು ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬಟ್ಟು ಆರುವವರೆಗೂ ಇಬ್ಬರೂ ಚಾಪೆಯ ಮೇಲೆ ಕೂತು ಆ ತೂತಿನಿಂದಲೇ ಸೀಟು ಇಳಿಸಿ, ಡ್ರೈವರನ್ನು ಕೂರಿಸಿದೆವು.

ಮುಂದಿನ ಸಲ ಅರಕಲಗೂಡಿಗೆ ಹೋದಾಗ ಮಾವನವರು ಗಾಡಿಯ ಗಾಲಿ ಕಳಚುತ್ತಿದ್ದರು. ನನ್ನನ್ನು ಕಂಡವರೇ, "ಬನ್ನಿ ಅಳೀಮಯ್ಯ, ಈ ಕಡೆ ಒಸಿ ಇಡ್ಕಳಿ" ಎಂದರು. ಹಿಡಿದೆ. ಅಂಗಿಯೆಲ್ಲ ಕೀಲೆಣ್ಣೆಯಾಯಿತು. ಅದನ್ನು ಒಗೆಯಲು ಶಾರದೆಗೆ ನಾನು ಒಂದು ವಾರ ಕೊಡಲೇ ಇಲ್ಲ.