ಆರತಿ ತಟ್ಟೆ ಹಿಡಿದು ಕೇಳಿದ ಪ್ರಶ್ನೆ

ಮತ ಕೇಳಲು ಹೊಸಪೇಟೆಯ ನಮ್ಮ ಓಣಿಗೆ ಬಂದ ಅಭ್ಯರ್ಥಿ, ಬಾಗಿಲ ಮುಂದೆ ನಿಂತು ಕುಂಕುಮಕ್ಕೆ ಹಣೆ ಬಾಗಿಸಿದರು. ಆರತಿ ತಟ್ಟೆ ಹಿಡಿದಿದ್ದ ನನ್ನ ಹೆಂಡತಿಯ ಕೈ ಮೇಲೇಳಲಿಲ್ಲ.

“ಅಣ್ಣಾರ, ಒಂದು ಮಾತು. ನಮ್ಮ ಪತ್ತಿನ ಸೊಸೈಟಿ ಮುಳುಗೋ ಮುಂಚೆ, ‘ಯಾರೂ ರೊಕ್ಕ ತೆಗೀಬ್ಯಾಡ್ರಿ, ಅಂಜಬ್ಯಾಡ್ರಿ’ ಅಂದವ್ರು ನೀವೇ ಅಲ್ಲೇನ್ರಿ?”

ಅವಳ ಮಾತಿಗೆ ಅಭ್ಯರ್ಥಿಯ ಹಿಂದೆ ಬಾರಿಸುತ್ತಿದ್ದ ತಮಟೆ ನಿಂತಿತು. ಈ ಪ್ರಶ್ನೆಯನ್ನು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದವನು ನಾನು. ಅವರು ಎದುರಿಗೆ ಬಂದಾಗ ನನ್ನ ಬಾಯಿಂದ ಹೊರಟದ್ದು, “ಚಹಾ ಕುಡೀತೀರೇನ್ರಿ?”

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ತೋರಣಗಲ್ಲಿಗೆ ಹೊರಟ ಬಸ್ಸಿನಿಂದ ಇಳಿದು ಮನೆಗೆ ಓಡಿ ಬರುವ ಜಾತಿ ನನ್ನದು. ಸೊಸೈಟಿ ಮುಳುಗುತ್ತದೆಂಬ ಸುದ್ದಿ ಹಬ್ಬಿದಾಗ, ಹಣ ಬಿಡಿಸಿಕೊಳ್ಳುವವರ ಸಾಲಿನಲ್ಲೂ ಎಲ್ಲರಿಗಿಂತ ಮೊದಲು ನಿಂತಿದ್ದೆ. ಇವರು ಮೆಟ್ಟಿಲ ಮೇಲೆ ನಿಂತು ಧೈರ್ಯ ಹೇಳಿದರೆಂದು ಹಣ ಬಿಡಿಸಿಕೊಳ್ಳದೆ ಹಿಂದಿರುಗಿದೆ. ಮರುವಾರವೇ ಅಲ್ಲಿ ಬೀಗ ಬಿತ್ತು. ನಾವು ಕಟ್ಟಿಸುತ್ತಿದ್ದ ಮನೆಯ ಕಂಬಗಳು ಇಂದಿಗೂ ಚಾವಣಿಗಾಗಿ ಕಾಯುತ್ತಿವೆ.

“ಒಳಗ ಏನ್ ನಡದಿತ್ತು, ನನಗೂ ಗೊತ್ತಿರ್ಲಿಲ್ಲವ್ವ,” ಎಂದರು ಅಭ್ಯರ್ಥಿ ಮೆಲ್ಲಗೆ.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ಬೇಕಿತ್ತಲ್ರಿ. ನಾಳೆ ಊರಿಗೇ ಕಷ್ಟ ಬಂದ್ರೂ ಹಿಂಗ ಹೇಳ್ತೀರೇನು?”

ಅವರು ತಟ್ಟೆಗೆ ಒಂದು ನೋಟು ಹಾಕಿದರು. ಮನೆ ಬಾಗಿಲಿಗೆ ಬಂದವರನ್ನು ಬರಿಹಣೆಯಲ್ಲಿ ಕಳಿಸಬಾರದೆಂದು ಅವಳು ಕುಂಕುಮ ಇಟ್ಟಳು. ತಟ್ಟೆಗೆ ಬಿದ್ದ ನೋಟನ್ನು ಮಾತ್ರ ಅವರ ಕೈಗೇ ವಾಪಸ್ ಕೊಟ್ಟಳು.

ಬದುಕಿನಲ್ಲಿ ನಾನು ಅಂಜದೆ ಇದ್ದದ್ದು ಸೊಸೈಟಿಯ ಆ ಒಂದು ದಿನ. ಈಗ ಯಾರಾದರೂ “ಅಂಜಬ್ಯಾಡ್ರಿ” ಎಂದರೆ, “ನಿಮಗ ಹೆಂಗ ಗೊತ್ತು?” ಎಂದು ಕೇಳುವುದನ್ನು ಕಲಿತಿದ್ದೇನೆ. ಹೆಂಡತಿ ಪಕ್ಕದಲ್ಲಿದ್ದರೆ ಜೋರಾಗಿಯೇ ಕೇಳುತ್ತೇನೆ.