ಸುಮಲತಾ ಹೇಳದೆ ಉಳಿಸಿಕೊಂಡ ಮಾತು

ಕೇಶ್ವಾಪುರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಸುಮಲತಾ ಪಾಠ ಹೇಳುತ್ತ ಐದು ವರ್ಷವಾಗಿತ್ತು. ನೀಲಾ ಅವಳ ಕೈಯಲ್ಲೇ ಕಲಿತ ಹುಡುಗಿ. ಸರಕಾರಿ ಶಾಲೆಯ ಮಾಸ್ತರ ಯಂಕಣ್ಣನವರ ಮಗಳು. ಕಲಿತು ಮುಗಿಸಿ ಅಲ್ಲೇ ಪಾಠಕ್ಕೆ ನಿಂತಳು. ವರ್ಷ ತುಂಬುವುದರೊಳಗೆ ಬಂದವರೆಲ್ಲ ನೀಲಾಳ ಬ್ಯಾಚೇ ಬೇಕೆಂದು ಕೇಳತೊಡಗಿದರು. ಸುಮಲತಾ ನಗುತ್ತಲೇ ಅವರ ಹೆಸರನ್ನು ನೀಲಾಳ ಬ್ಯಾಚಿಗೆ ಬರೆದುಕೊಳ್ಳುತ್ತಿದ್ದಳು. ಒಳಗೆ ಮಾತ್ರ ಉರಿಯುತ್ತಿತ್ತು.

೧೯೯೯ರ ಒಂದು ಮಧ್ಯಾಹ್ನ ನೀಲಾ ಇಪ್ಪತ್ತೆರಡು ಹಾಳೆಗಳ ಕಟ್ಟೊಂದನ್ನು ತಂದು ಅವಳ ಮುಂದಿಟ್ಟಳು.

“ಅಕ್ಕಾರ, ಒಂದು ಸಾಫ್ಟ್‌ವೇರ್ ಕಂಪನಿ ಚಾಲೂ ಮಾಡಬೇಕಂತ ಮಾಡೇನಿ. ಅದರ ಯೋಜನಾ ಇದು. ಇನ್ನೂ ಯಾರಿಗೂ ತೋರಿಸಿಲ್ಲ. ನೀವೊಮ್ಮೆ ಓದಿ ಹೇಳ್ರಿ.”

ತಾರಿಹಾಳದ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳಿಗೆಂದು ಯೋಚಿಸಿದ ಸಾಫ್ಟ್‌ವೇರ್ ಅದು. ಕಬ್ಬಿಣ ಕಡೆಯುವ ಯಾವ ಲೇಥಿನ ಮೇಲೆ ಯಾರ ಮಾಲಿದೆ, ಅದು ಯಾವಾಗ ಮುಗಿಯುತ್ತದೆ ಎಂಬುದು ಮಾಲೀಕನಿಗೆ ಕೂತಲ್ಲೇ ತಿಳಿಯಬೇಕು. ಓದುತ್ತ ಓದುತ್ತ ಸುಮಲತಾಳ ಕಿವಿ ಬಿಸಿಯಾದವು. ಅವಳ ಗಂಡ ಕಲ್ಲೇಶ ಅಲ್ಲಿಯ ಶರೀಫಸಾಬರ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವ ಟರ್ನರ್. ಊಟಕ್ಕೆ ಕೂತಾಗಲೆಲ್ಲ ಅವನು ಹೇಳುತ್ತಿದ್ದುದು ಇದೇ ಗೋಳು. ಅದನ್ನು ಹನ್ನೆರಡು ವರ್ಷ ಕೇಳಿದವಳು ತಾನು. ಹೊಳೆದದ್ದು ಮಾತ್ರ ಇವಳಿಗೆ!

ಏಳನೆಯ ಪುಟದಲ್ಲಿ ಅವಳ ಕಣ್ಣು ನಿಂತಿತು. ಪ್ರತಿ ಕೆಲಸಗಾರನೂ ತಾಸಿಗೊಮ್ಮೆ ಬಂದು ತನ್ನ ಕೆಲಸವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾನೆ ಎಂದಿತ್ತು. ಆಗದ ಮಾತು. ಅವರ ಕೈತುಂಬ ಎಣ್ಣೆ. ತಿರುಗುವ ಲೇಥ್ ಬಿಟ್ಟು ಬರುವಂತಿಲ್ಲ. ಪಾಳಿ ಮುಗಿದಾಗ ಸೂಪರ್‌ವೈಸರ್ ಒಬ್ಬನೇ ಎಲ್ಲರದ್ದನ್ನೂ ಬರೆದರೆ ಸಾಕು. ಪೆನ್ನು ಕೈಯಲ್ಲೇ ಇತ್ತು. ಸುಮಲತಾ ಎರಡು ಸ್ಪೆಲಿಂಗ್ ತಿದ್ದಿ ಪುಟ ತಿರುವಿದಳು.

“ಭಾಳ ಛಲೋ ಬರದೀದಿ,” ಎಂದು ಮರುದಿನ ಕಟ್ಟನ್ನು ಹಿಂದಿರುಗಿಸಿದಳು.

ಮುಂದಿನ ವಾರ ಕಲ್ಲೇಶ ಕೆಲಸದಿಂದ ಬಂದವನೇ ಹೇಳಿದ: “ಇವತ್ತ ನಿಮ್ಮ ನೀಲಾ ಬಂದಿದ್ಲು. ಲೇಥ್ ನಡಸೋ ಮಂದಿ ತಾಸಿಗೊಮ್ಮೆ ಬಂದು ಟೈಪ್ ಮಾಡಬೇಕಂತ! ಎಲ್ಲಾರೂ ನಕ್ಕಬಿಟ್ರು, ಶರೀಫಸಾಬರೂ ನಕ್ರು. ನಿನಗ ತೋರಿಸಿದ್ದಿಲ್ಲೇನು?”

“ಇಲ್ರಿ,” ಎಂದಳು ಸುಮಲತಾ. ಆ ಘಳಿಗೆ ಅವಳಿಗೆ ಖುಷಿಯೇ ಆಗಿತ್ತು.

“ಆದ್ರ ಗಟ್ಟಿ ಹುಡುಗಿ. ನಾಳೆ ಬಂದು ದಿನಪೂರ್ತಿ ಇಲ್ಲೇ ನಿಂತು ನಿಮ್ಮ ಕೆಲಸಾ ನೋಡ್ತೇನಿ ಅಂದು ಹೋದ್ಲು.”

ಖುಷಿ ಅಲ್ಲಿಗೆ ಮುಗಿಯಿತು. ಒಂದು ದಿನ ನಿಂತು ನೋಡಿದರೆ ನೀಲಾಳಿಗೆ ಎಲ್ಲ ತಿಳಿದೇ ತಿಳಿಯುತ್ತದೆ. ಆಮೇಲೆ ತನ್ನ ಪಾಲಿಗೆ ಉಳಿಯುವುದೇನು, ಮುಚ್ಚಿಟ್ಟ ಪಾಪವೊಂದೇ. ನಾಚಿಕೆಯೋ, ಆ ಉತ್ತರ ತನ್ನ ಬಾಯಿಂದಲೇ ಬರಲಿ ಎಂಬ ಹಟವೋ, ಅವಳಿಗೇ ಗೊತ್ತಾಗಲಿಲ್ಲ. ಬೆಳಿಗ್ಗೆ ನೀಲಾ ತಾರಿಹಾಳದ ಬಸ್ಸಿಗೆ ಕಾಯುತ್ತಿದ್ದಲ್ಲಿಗೇ ಹೋದಳು.

“ಏಳನೇ ಪುಟದಾಗಿನ ತಪ್ಪು ನನಗ ಅವತ್ತ ಗೊತ್ತಾಗಿತ್ತು.”

“ಮತ್ತ ಯಾಕ ಹೇಳಲಿಲ್ರಿ?”

“ಹೊಟ್ಟಿಕಿಚ್ಚು, ನೀಲಾ. ನನ್ನ ಕೈಯಾಗ ಕಲತಾಕಿ ನನ್ನ ದಾಟಿ ಹೊಂಟಾಳಲ್ಲ ಅಂತ.”

ಅಷ್ಟರಲ್ಲಿ ಬಸ್ಸು ಬಂತು.

“ನನಗ ಭಾಳ ಸಿಟ್ಟ ಬಂದೈತ್ರಿ,” ಎಂದಳು ನೀಲಾ. “ಆದ್ರ ಈಗ ಬಸ್ ಹತ್ರಿ. ದಾರ್ಯಾಗ ಎಲ್ಲಾ ಹೇಳ್ರಿ.”

ಅಂದು ಇಬ್ಬರೂ ಸಂಜೆಯವರೆಗೆ ಲೇಥುಗಳ ಪಕ್ಕದಲ್ಲಿ ನಿಂತರು. ಏಳನೆಯ ಪುಟವನ್ನು ಸುಮಲತಾಳೇ ಹೊಸದಾಗಿ ಬರೆದಳು. ಮೂರು ತಿಂಗಳು ನಡೆಸಿ ನೋಡೋಣವೆಂದು ಶರೀಫಸಾಬರು ಒಪ್ಪಿದರು. ಯೋಜನೆಯ ಮೊದಲ ಹಾಳೆಯಲ್ಲಿ ನೀಲಾ ಪಾಲುದಾರಳೆಂದು ಸುಮಲತಾಳ ಹೆಸರನ್ನೂ ಸೇರಿಸಿದಳು. ಆದರೆ ಅಲ್ಲಿಂದಾಚೆ ನೀಲಾ ಏನೇ ಬರೆದರೂ ಸುಮಲತಾಳಿಗಷ್ಟೇ ಅಲ್ಲದೆ ಇನ್ನೊಬ್ಬರಿಗೂ ತೋರಿಸದೆ ಬಿಡುತ್ತಿರಲಿಲ್ಲ. ಸುಮಲತಾ ಅದಕ್ಕೆ ಯಾವತ್ತೂ ಬೇಸರಪಟ್ಟುಕೊಳ್ಳಲಿಲ್ಲ.

ಐದು ವರ್ಷದಲ್ಲಿ ಹತ್ತೊಂಬತ್ತು ವರ್ಕ್‌ಶಾಪುಗಳು ಅವರ ಸಾಫ್ಟ್‌ವೇರ್ ಹಾಕಿಸಿಕೊಂಡವು. ಮಂದಿ ಅದನ್ನು ‘ನೀಲಾ ಮೇಡಂ ಕಂಪನಿ’ ಎಂದೇ ಕರೆಯುತ್ತಿದ್ದರು.

“ಆ ಹೆಸರ ಕೇಳಿದ್ರ ಇನ್ನೂ ಉರೀತೈತಿ ನೋಡ್ರಿ,” ಎಂದು ಒಂದು ದಿನ ಸುಮಲತಾ ಕಲ್ಲೇಶನಿಗೆ ಹೇಳಿದಳು.

“ಉರೀಲಿ ಬಿಡು,” ಎಂದ ಅವನು. “ಅವತ್ತ ನನಗೂ ತೋರಿಸಿಲ್ಲ ಅಂತ ಸುಳ್ಳ ಹೇಳಿದ್ದಿ. ಈಗ ಬಾಯಿಬಿಟ್ಟಾದ್ರೂ ಹೇಳ್ತೀಯಲ್ಲ.”